ಕೊಟ್ಟಿಗೆಯಲ್ಲಿ ನಿಂತ ಜಾವಾ, ಯೆಜ್ಡಿ: ಮಾರುವ ಮುನ್ನ, ಮಾರ್ಪಡಿಸುವ ಮುನ್ನ

ಕೆರಗೋಡು ಹೋಬಳಿಯ ಊರುಗಳಲ್ಲಿ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ತೋಟದ ಮನೆಗಳಲ್ಲಿ, ಅಡಿಕೆ ಚೀಲಕ್ಕೋ ಹುಲ್ಲಿನ ಮೆದೆಗೋ ಒರಗಿಕೊಂಡು ನಿಂತಿರುವ ಹಳೆಯ ಮೋಟಾರು ಸೈಕಲ್ಲುಗಳು ಇನ್ನೂ ಕಾಣಸಿಗುತ್ತವೆ. ಹೆಚ್ಚಿನವು ಮೈಸೂರಿನಲ್ಲೇ ತಯಾರಾದ ಜಾವಾ ಅಥವಾ ಯೆಜ್ಡಿ. ಒಂದು ಕಾಲಕ್ಕೆ ಇವು ಸಕಲೇಶಪುರ, ಮಡಿಕೇರಿ, ಬಾಳೆಹೊನ್ನೂರು ಎಂದು ಮಾಲೀಕನನ್ನೂ ಹಿಂದೆ ಒಂದು ಗೋಣಿಯನ್ನೂ ಹೊತ್ತು ಓಡಾಡಿದ ಗಾಡಿಗಳು. ಈಗ ಇವುಗಳನ್ನು ಹುಡುಕಿಕೊಂಡು ಇಬ್ಬರು ಬರುತ್ತಾರೆ. ಒಬ್ಬ ದಲ್ಲಾಳಿ, ಗುಜರಿ ಬೆಲೆಗೆ ಕೇಳಿ, ಬೆಂಗಳೂರಿನಲ್ಲಿ ಬಣ್ಣ ಹೊಡೆಸಿ, ನಮಗೆ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿಗೆ ಮಾರುವವನು. ಇನ್ನೊಬ್ಬ ನಮ್ಮದೇ ಮನೆಯ ಹುಡುಗ. ಸೈಲೆನ್ಸರು ಕಿತ್ತು, ಹ್ಯಾಂಡಲ್ಲು ಬದಲಿಸಿ, ಲಡಾಖಿಗೆ ಹೋಗಿಬರುತ್ತೇನೆ ಎನ್ನುವವನು. ಇಬ್ಬರಿಗೂ ಏನು ಉತ್ತರ ಕೊಡಬೇಕೆಂದು ಸಂಘದ ಕಛೇರಿಗೆ ಗೊಬ್ಬರದ ಲೆಕ್ಕಕ್ಕೆ ಬಂದ ಸದಸ್ಯರು ಆಗಾಗ ಕೇಳುತ್ತಿರುತ್ತಾರೆ.

ಗಾಡಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು, ಮನೆಯಲ್ಲೇ ದುರಸ್ತಿ ಮಾಡಬಹುದು, ದೂರದ ಪ್ರಯಾಣಕ್ಕೂ ಅಣಿಮಾಡಬಹುದು ಎಂಬುದು ನಮ್ಮ ಅಭಿಪ್ರಾಯ. ಆದರೆ ಈ ಗಾಡಿಗಳು ತಯಾರಾದ ಕಾಲದ ಪೆಟ್ರೋಲು ಈಗ ಬಂಕಿನಲ್ಲಿ ಸಿಗುವುದಿಲ್ಲ. ಇದೊಂದನ್ನು ತಿಳಿಯದೆ ಬಣ್ಣಕ್ಕೂ ಕ್ರೋಮಿಗೂ ಹಣ ಸುರಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅದು ಘಾಟಿಯಲ್ಲಿ ಹಿಡಿದುಕೊಂಡರೆ ಗಾಡಿಯ ಜೊತೆಗೆ ಸವಾರನೂ ಹೋಗುತ್ತಾನೆ. ಬೆಳೆಗಾರರ ಪತ್ರಿಕೆಯಲ್ಲಿ ಮೋಟಾರು ಸೈಕಲ್ಲಿನ ಮಾತೇಕೆ ಎಂದು ಕೇಳುವವರು, ತಮ್ಮ ಉಗ್ರಾಣದಲ್ಲಿರುವ ಕಳೆ ಕೊಚ್ಚುವ ಯಂತ್ರವನ್ನೂ ಪೆಟ್ರೋಲಿನಿಂದ ನಡೆಯುವ ಸಿಂಪಡಿಕೆ ಯಂತ್ರವನ್ನೂ ಒಮ್ಮೆ ನೋಡಬೇಕು. ಅವುಗಳಲ್ಲಿ ಬಹುಪಾಲು ಇದೇ ಜಾತಿಯ ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್, ಯಂತ್ರಗಳು. ಇಲ್ಲಿ ಪೆಟ್ರೋಲು, ಎಣ್ಣೆಗಳ ಬಗ್ಗೆ ಹೇಳುವ ಮಾತು ಅವುಗಳಿಗೂ ಅನ್ವಯಿಸುತ್ತದೆ.

ಈ ಗಾಡಿಯ ಕುಲಗೋತ್ರವನ್ನು ಸ್ವಲ್ಪ ಹೇಳಬೇಕು. ಜೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಜಾವಾ ಎಂದು ಕರೆದ. ರುಸ್ತುಂ ಇರಾನಿ, ಫಾರೂಖ್ ಇರಾನಿಯವರ ಐಡಿಯಲ್ ಜಾವಾ ಕಂಪನಿಯು ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಇದನ್ನು ತಯಾರಿಸತೊಡಗಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. ಆ ದಶಕದ ಕೊನೆಯ ಹೊತ್ತಿಗೆ ದೂರದ ಓಟಕ್ಕೆ ಹೆಸರಾದ ರೋಡ್‌ಕಿಂಗ್ ಬಂತು. ಎಂಬತ್ತರ ದಶಕದಲ್ಲಿ ಲೀಟರಿಗೆ ಹೆಚ್ಚು ಕಿಲೋಮೀಟರು ಕೊಡುವ 100 ಸಿಸಿಯ ಜಪಾನಿ ತಂತ್ರದ ಗಾಡಿಗಳು ಬಂದ ಮೇಲೆ, ಹೊಗೆಯ ನಿಯಮಗಳೂ ಬಿಗಿಯಾದ ಮೇಲೆ, 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಆದರೆ ಇವು ನಾಲ್ಕು ಹೊಡೆತದ, ನೀರಿನಿಂದ ತಂಪಾಗುವ ಯಂತ್ರಗಳು. ಇವುಗಳ ಬಿಡಿಭಾಗ ಹಳೆಯ ಎಂಜಿನ್ನಿಗೆ ಕೂಡುತ್ತದೆಂದು ಯಾರಾದರೂ ಹೇಳಿದರೆ ನಂಬಕೂಡದು.

ಹಳೆಯ 250ರ ಎಂಜಿನ್ನು ಬಹಳ ಸರಳ. ಒಂದೇ ಸಿಲಿಂಡರು, ವ್ಯಾಸ 65 ಮಿ.ಮೀ., ಪಿಸ್ಟನ್ ಓಡಾಟ 75 ಮಿ.ಮೀ. ಹೊಗೆ ಹೋಗಲು ಎರಡು ದಾರಿ, ಅದಕ್ಕೇ ಎರಡು ಸೈಲೆನ್ಸರು. ಕಿಕ್ ಹೊಡೆಯುವ ಸನ್ನೆಯನ್ನೇ ಮಡಿಸಿದರೆ ಅದೇ ಗೇರು ಸನ್ನೆ. ಹಿಂದಿನ ಚೈನಿಗೆ ಪೂರ್ತಿ ಮುಚ್ಚಿಗೆ. ನಮ್ಮ ಕೆಸರಿನ ದಾರಿಗೆ ಅದರಷ್ಟು ಉಪಕಾರ ಮತ್ತೊಂದಿಲ್ಲ. ಕವಾಟಗಳಿಲ್ಲ, ಎಂಜಿನ್ನಿಗೆಂದು ಬೇರೆ ಎಣ್ಣೆಯ ತೊಟ್ಟಿಯೂ ಇಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಕ್ರ್ಯಾಂಕಿನ ಬೇರಿಂಗಿಗೂ ಪಿಸ್ಟನ್ನಿಗೂ ಆಧಾರ. ಅಂದರೆ ಪೆಟ್ರೋಲು ಎಲ್ಲಿ ಕಡಿಮೆಯಾಯಿತೋ ಅಲ್ಲಿ ಎಣ್ಣೆಯೂ ಕಡಿಮೆಯಾಯಿತು. ಮುಂದೆ ಬರುವ ಎಚ್ಚರಿಕೆಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ವರ್ಷಗಟ್ಟಲೆ ನಿಂತ ಗಾಡಿಯನ್ನು ಹೊರಗೆ ತಂದ ಕೂಡಲೇ ಕಿಕ್ ಹೊಡೆಯಬಾರದು. ಪ್ಲಗ್ಗು ಬಿಚ್ಚಿ, ಆ ರಂಧ್ರದಿಂದ ಎರಡು ಚಮಚದಷ್ಟು ಟೂ-ಟಿ ಎಣ್ಣೆ ಬಿಟ್ಟು, ಒಂದು ರಾತ್ರಿ ಬಿಡಬೇಕು. ಮರುದಿನ ಗೇರು ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಮುಂದಕ್ಕೆ ತಿರುಗಿಸಿ ನೋಡಬೇಕು. ತಿರುಗಿದರೆ ಸಂತೋಷ. ತಿರುಗದಿದ್ದರೆ ಇನ್ನೂ ಎರಡು ದಿನ ಎಣ್ಣೆಯಲ್ಲಿ ನೆನೆಯಲಿ. ಸುತ್ತಿಗೆ, ಸನ್ನೆಕೋಲು ಬೇಡ. ರಿಂಗು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡಿದ್ದಾಗ ಬಲ ಹಾಕಿದರೆ ರಿಂಗು ಮುರಿದು ಹೊಗೆಯ ಕಿಂಡಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬೋರು ಮಾಡಿಸದೆ ಗತ್ಯಂತರವಿಲ್ಲ.

ಟ್ಯಾಂಕಿನ ಒಳಗೆ ತುಕ್ಕು ಇದ್ದೇ ಇರುತ್ತದೆ. ಅದನ್ನು ತೆಗೆಯಲು ದುಬಾರಿ ರಸಾಯನ ಬೇಕಿಲ್ಲ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಮ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ಟ್ಯಾಂಕಿನ ತುಂಬ ಹಾಕಿ ಒಂದು ದಿನ ಬಿಡಬೇಕು. ಒಂದು ಹಿಡಿ ಸಣ್ಣ ನಟ್ಟುಗಳನ್ನು ಒಳಗೆ ಹಾಕಿ ಕುಲುಕಿದರೆ ದಪ್ಪ ಪದರವೂ ಬಿಡುತ್ತದೆ. ನಟ್ಟು ಎಣಿಸಿ ಹಾಕಿ, ಎಣಿಸಿ ತೆಗೆಯಬೇಕು. ಆಮೇಲೆ ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಕೂಡಲೇ ಎಣ್ಣೆ ಬೆರೆಸಿದ ಸ್ವಲ್ಪ ಪೆಟ್ರೋಲನ್ನು ಒಳಗೆಲ್ಲ ಆಡಿಸಬೇಕು. ಇಲ್ಲವಾದರೆ ಹಸಿ ಕಬ್ಬಿಣಕ್ಕೆ ಒಂದೇ ರಾತ್ರಿಯಲ್ಲಿ ಮತ್ತೆ ತುಕ್ಕು ಏರುತ್ತದೆ.

ಈಗ ಪೆಟ್ರೋಲಿನ ವಿಷಯ. ಭಾರತದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5ರ ಪ್ರಮಾಣದಿಂದ ಆರಂಭವಾಯಿತು. 2022ರ ಜೂನ್ ಹೊತ್ತಿಗೆ ಅದು ಶೇ. 10 ಮುಟ್ಟಿತು, 2025ರಲ್ಲಿ ಶೇ. 20 ಆಯಿತು. ಕಬ್ಬಿನ ಹಾಲು, ಕಾಕಂಬಿ, ಮುಸುಕಿನ ಜೋಳ, ಅಕ್ಕಿ ಇವುಗಳಿಂದ ತೆಗೆಯುವ ಮದ್ಯಸಾರವೇ ಎಥನಾಲ್. 1933ರಲ್ಲಿ ಮೈಷುಗರ್ ಸ್ಥಾಪನೆಯಾದಂದಿನಿಂದ ಕಬ್ಬನ್ನೇ ನಂಬಿರುವ ಮಂಡ್ಯ ಜಿಲ್ಲೆಯವರಾದ ನಾವು ಎಥನಾಲನ್ನು ದೂರುವ ಹಾಗಿಲ್ಲ, ದೂರುವ ಉದ್ದೇಶವೂ ಇಲ್ಲ. ಕಬ್ಬಿಗೆ ಇನ್ನೊಂದು ಗಿರಾಕಿ ಸಿಕ್ಕಿದ್ದು ಒಳ್ಳೆಯದೇ. ಆದರೆ ನಮ್ಮ ಗದ್ದೆಯ ಕಬ್ಬೇ ಸುತ್ತು ಹೊಡೆದು ನಮ್ಮ ಹಳೆಯ ಗಾಡಿಯ ಟ್ಯಾಂಕಿಗೆ ಬಂದಾಗ ಅದು ಏನು ಮಾಡುತ್ತದೆ ಎಂಬುದನ್ನು ತಿಳಿದಿರಬೇಕಲ್ಲ.

ಅದು ಮಾಡುವ ಕೆಲಸ ಮೂರು ಬಗೆ. ಮೊದಲನೆಯದು, ಹಳೆಯ ರಬ್ಬರು, ಕಾರ್ಕು, ಅಂಟುಗಳನ್ನು ಕೆಡಿಸುತ್ತದೆ. ಪೆಟ್ರೋಲ್ ಕಾಕಿನ ಕಾರ್ಕ್ ವಾಷರು, ಹಳೆಯ ಪೈಪು, ಹಿಂದೆ ಯಾರೋ ಟ್ಯಾಂಕಿನ ತೂತು ಮುಚ್ಚಲು ಬಳಿದ ಲೇಪ, ಇವು ಉಬ್ಬುತ್ತವೆ, ಕರಗುತ್ತವೆ, ಚೂರಾಗಿ ಕಾರ್ಬುರೇಟರಿನ ಜೆಟ್ಟಿಗೆ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಪರಿಹಾರ ಸುಲಭ: ಎಥನಾಲ್ ತಡೆಯುವ ಹೊಸ ಪೈಪು, ಹೊಸ ವಾಷರು, ನಡುವೆ ಒಂದು ಸಣ್ಣ ಸೋಸುಕ. ದುರಸ್ತಿಗೆ ತೊಡಗಿದ ಮೊದಲ ದಿನವೇ ಇಷ್ಟನ್ನು ಮಾಡಿ ಮುಗಿಸತಕ್ಕದ್ದು.

ಎರಡನೆಯದು, ಮಿಶ್ರಣ ತೆಳುವಾಗುತ್ತದೆ. ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಪೆಟ್ರೋಲಿನಷ್ಟು ಗಾಳಿ ಬೇಡ. ಶುದ್ಧ ಪೆಟ್ರೋಲಿನ ಒಂದು ಭಾಗಕ್ಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕಾದರೆ, ಶೇ. 20 ಬೆರಕೆಯದಕ್ಕೆ 13.5ರ ಸುಮಾರು ಸಾಕು. ಹಳೆಯ ಕಾರ್ಬುರೇಟರಿಗೆ ಇದು ಗೊತ್ತಿಲ್ಲ. ಅದು ಹಿಂದಿನ ಲೆಕ್ಕದಲ್ಲೇ ಗಾಳಿ ಕೊಡುತ್ತದೆ. ಗಾಳಿ ಹೆಚ್ಚಾಗಿ, ಎಂಜಿನ್ನು ಕಾದು, ಏರಿನಲ್ಲಿ ಹೊರೆ ಬಿದ್ದಾಗ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆದಕಾರಣ ಮುಖ್ಯ ಜೆಟ್ಟನ್ನು ಒಂದೋ ಎರಡೋ ಅಳತೆ ದೊಡ್ಡದು ಮಾಡಬೇಕು. ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ಸೂಜಿ ಮೇಲೇರಿ ನಡುವಣ ವೇಗದಲ್ಲೂ ಪೆಟ್ರೋಲು ಹೆಚ್ಚು ಬರುತ್ತದೆ. ಎಷ್ಟು ಹೆಚ್ಚಿಸಬೇಕೆಂಬುದನ್ನು ಪ್ಲಗ್ಗೇ ಹೇಳುತ್ತದೆ. ಎಂಜಿನ್ನು ಚೆನ್ನಾಗಿ ಕಾದ ಮೇಲೆ ಏರು ರಸ್ತೆಯಲ್ಲಿ ಪೂರ್ಣ ವೇಗದಿಂದ ಓಡಿಸಿ, ಅಲ್ಲೇ ಕ್ಲಚ್ಚು ಹಿಡಿದು ಎಂಜಿನ್ ನಿಲ್ಲಿಸಿ, ಪ್ಲಗ್ಗು ಬಿಚ್ಚಿ ನೋಡಬೇಕು. ಒಳಗಿನ ಪಿಂಗಾಣಿ ಹದವಾಗಿ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಅಪಾಯ. ಹಾಲಿಲ್ಲದ ಕಪ್ಪು ಕಾಫಿಯಂತೆ ಕಪ್ಪಾಗಿ ಜಿಡ್ಡಾಗಿದ್ದರೆ ಪೆಟ್ರೋಲು ಹೆಚ್ಚು. ಅದರಿಂದ ಹೊಗೆ ಬರುತ್ತದೆ, ಮೈಲೇಜು ಹೋಗುತ್ತದೆ, ಆದರೆ ಪಿಸ್ಟನ್ ಉಳಿಯುತ್ತದೆ. ಸಂದೇಹವಿದ್ದಲ್ಲಿ ಕಪ್ಪಿನ ಕಡೆಗೇ ಇರುವುದು ಕ್ಷೇಮ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಕಣ್ಣಿಗೆ ಕಾಣದ್ದು. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕು ತಿಂಗಳುಗಟ್ಟಲೆ ನಿಂತರೆ, ಇಲ್ಲವೆ ಮುಚ್ಚಳದ ಸಂದಿನಿಂದ ನೀರು ಇಳಿದರೆ, ಒಂದು ಹಂತದಲ್ಲಿ ಎಥನಾಲೂ ನೀರೂ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ನಾವು ಬೆರೆಸಿದ ಎಣ್ಣೆ ಬಹುಪಾಲು ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾಕು ಇರುವುದು ತಳದಲ್ಲಿ. ಹೀಗಿರುವಾಗ ಎಂಜಿನ್ನಿಗೆ ಮೊದಲು ಹೋಗುವುದು ಎಣ್ಣೆಯಿಲ್ಲದ ಮದ್ಯಸಾರದ ನೀರು. ನಾಲ್ಕು ಹೊಡೆತದ ಗಾಡಿಯಾದರೆ ಸ್ಟಾರ್ಟ್ ಆಗದೆ ಸುಮ್ಮನೆ ನಿಂತೀತು. ಟೂ-ಸ್ಟ್ರೋಕ್ ಯಂತ್ರ ಹೇಗೋ ಹೊತ್ತಿಕೊಂಡು ಓಡಿದರೆ ಒಳಗೆ ಒಣ ಉಜ್ಜಾಟ ಶುರುವಾಗುತ್ತದೆ. ಮಳೆಗಾಲ ಕಳೆದು ಮೊದಲ ಸಲ ಎಳೆದ ಕಳೆ ಯಂತ್ರ ಹತ್ತು ನಿಮಿಷದಲ್ಲಿ ಹಿಡಿದುಕೊಂಡಿತೆಂದು ಕಂಪನಿಯನ್ನು ಬೈಯುವವರು, ತಳದಲ್ಲಿ ಉಳಿದಿದ್ದ ಹಳೆಯ ಪೆಟ್ರೋಲಿನ ಕಡೆಗೂ ಒಮ್ಮೆ ನೋಡಬೇಕು.

ಬೆರಕೆಯ ಪ್ರಮಾಣವನ್ನು ಮನೆಯಲ್ಲೇ ನೋಡಬಹುದು. ಔಷಧಿ ಅಳೆಯುವ ಗುರುತಿರುವ ಗಾಜಿನ ಕೊಳವೆ ನಮ್ಮೆಲ್ಲರಲ್ಲೂ ಇರುತ್ತದೆ. ಅದನ್ನು ಚೆನ್ನಾಗಿ ತೊಳೆದು 20 ಮಿ.ಲೀ. ನೀರು, ಅದರ ಮೇಲೆ 80 ಮಿ.ಲೀ. ಎಣ್ಣೆ ಬೆರೆಸದ ಪೆಟ್ರೋಲು ಹಾಕಿ, ಬಾಯಿ ಮುಚ್ಚಿ ಕುಲುಕಿ, ಕಾಲು ಗಂಟೆ ಬಿಟ್ಟು ನೋಡಬೇಕು. ಎಥನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ತಳದ ಪದರ 36 ಮಿ.ಲೀ. ಆಸುಪಾಸು ಬಂದರೆ 80ರಲ್ಲಿ 16, ಅಂದರೆ ಶೇ. 20 ಎಂದಾಯಿತು. ಇದನ್ನು ಬಯಲಿನಲ್ಲಿ, ಒಲೆ ಬೀಡಿಗಳಿಂದ ದೂರ ಮಾಡತಕ್ಕದ್ದು. ಹೀಗೆ ನೀರಿನಲ್ಲಿ ತೊಳೆದ ಪೆಟ್ರೋಲನ್ನೇ ಗಾಡಿಗೆ ಹಾಕುವ ಜಾಣರೂ ಇದ್ದಾರೆ, ಅದು ಬೇಡ. ಎಥನಾಲಿನ ಜೊತೆಗೆ ಪೆಟ್ರೋಲಿನ ಆಕ್ಟೇನ್ ಬಲವೂ ಇಳಿಯುತ್ತದೆ, ಒಳಗೆ ನೀರಿನ ಅಂಶವೂ ಉಳಿಯುತ್ತದೆ. ಅದಕ್ಕಿಂತ ಬೇಕಾದಷ್ಟೇ ಪೆಟ್ರೋಲು ತರುವುದು, ಎರಡು ಮೂರು ವಾರದಲ್ಲಿ ಮುಗಿಸುವುದು, ಗಾಡಿ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಪೂರ್ತಿ ಬರಿದು ಮಾಡಿ ಒಳಗೆ ಎಣ್ಣೆ ಸವರಿಡುವುದು ಲೇಸು.

ಎಣ್ಣೆಯ ಅಳತೆಯ ಬಗ್ಗೆ ಒಬ್ಬೊಬ್ಬ ಮೇಸ್ತ್ರಿ ಒಂದೊಂದು ಹೇಳುತ್ತಾನೆ. ಹಳೆಯ ರೂಢಿ ಲೀಟರಿಗೆ 40 ಮಿ.ಲೀ., ಅಂದರೆ 25ಕ್ಕೆ ಒಂದು. ಹೊಸದಾಗಿ ಬೋರು ಮಾಡಿಸಿದಾಗ 50. ಅದು ಆ ಕಾಲದ ಎಣ್ಣೆಯ ಲೆಕ್ಕ. ಇಂದು ಸಿಗುವ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂಬ ಗುರುತಿರುವ ಟೂ-ಟಿ ಎಣ್ಣೆಯಾದರೆ ಒಳ್ಳೆಯ ಸ್ಥಿತಿಯ ಎಂಜಿನ್ನಿಗೆ 30ರಿಂದ 35 ಸಾಕೆಂದು ನಮ್ಮ ಮತ. ಹೊರೆ, ಘಾಟಿ, ಬೇಸಿಗೆ ಎಂದರೆ 40 ಇರಲಿ. ದೋಣಿಯ ಎಂಜಿನ್ನಿಗೆಂದು ಮಾರುವ ಎಣ್ಣೆ ಬೇಡ. ಅದು ನೀರಿನಿಂದ ತಂಪಾಗುವ ಯಂತ್ರಕ್ಕೆ ಮಾಡಿದ್ದು. ನಾಲ್ಕು ಹೊಡೆತದ ಗಾಡಿಯ ಎಣ್ಣೆಯಂತೂ ಕೂಡದೇ ಕೂಡದು. ಹೆಚ್ಚು ಹಾಕಿದರೆ ಹೆಚ್ಚು ಕ್ಷೇಮ ಎಂದು ಕೈಗೆ ಬಂದಷ್ಟು ಸುರಿಯುವುದೂ ತಪ್ಪು: ಎಣ್ಣೆ ಹೆಚ್ಚಿದಷ್ಟು ಜೆಟ್ಟಿನಲ್ಲಿ ಪೆಟ್ರೋಲಿಗೆ ಜಾಗ ಕಡಿಮೆಯಾಗಿ ಮಿಶ್ರಣ ಮತ್ತೆ ತೆಳುವಾಗುತ್ತದೆ. ಬೆರೆಸುವುದನ್ನು ಟ್ಯಾಂಕಿನಲ್ಲಲ್ಲ, ಬೇರೆ ಡಬ್ಬದಲ್ಲಿ ಮಾಡಿ ಕುಲುಕಿ ಹಾಕಬೇಕು.

ಜೆಟ್ಟು ಬದಲಿಸಿದರೂ ಪ್ಲಗ್ಗು ಬೆಳ್ಳಗೇ ಇದ್ದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ ಎಂದು ತಿಳಿಯಬೇಕು. ಕಾರ್ಬುರೇಟರಿನ ಬುಡದ ಪ್ಯಾಕಿಂಗ್ ನೋಡಿ; ಅದು ಸರಿಯಿದ್ದರೆ ಸಂಶಯ ಕ್ರ್ಯಾಂಕಿನ ಎಣ್ಣೆ ಸೀಲಿನ ಮೇಲೆ. ಬಲಗಡೆ ಡೈನಮೋ ಪಕ್ಕದ ಸೀಲು ಸವೆದರೆ ಗಾಳಿ ಒಳಗೆ ಬರುತ್ತದೆ. ಎಡಗಡೆ ಚೈನಿನ ಪಕ್ಕದ್ದು ಸವೆದರೆ ಗೇರು ಪೆಟ್ಟಿಗೆಯ ಎಣ್ಣೆಯನ್ನೇ ಎಂಜಿನ್ನು ಹೀರಿ ಬಿಳಿ ಹೊಗೆ ಕಾರುತ್ತದೆ, ಗೇರಿನ ಎಣ್ಣೆ ನೆಲಕ್ಕೆ ಸೋರದೆಯೇ ಕಡಿಮೆಯಾಗುತ್ತ ಹೋಗುತ್ತದೆ. ಮೇಸ್ತ್ರಿಗಳು ಇದನ್ನು ರಿಂಗು ಹೋಗಿದೆ ಎಂದು ಹೇಳಿ ಬೋರು ಮಾಡಿಸುವುದುಂಟು. ಬೋರಾದ ಮೇಲೂ ಹೊಗೆ ಹಾಗೆಯೇ ಇರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ರಬ್ಬರು ಸೀಲು ಗಟ್ಟಿಯಾಗಿರುವುದು ಸಹಜ. ಎಂಜಿನ್ ಬಿಚ್ಚಿದಾಗ ಎರಡನ್ನೂ ಬದಲಿಸಿಬಿಡುವುದೇ ಜಾಣತನ.

ಕಿಡಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಪಾಯಿಂಟಿನ ಸಂದು 0.4 ಮಿ.ಮೀ., ಪ್ಲಗ್ಗಿನ ಸಂದು 0.6ರಿಂದ 0.7, ಫೀಲರ್ ಗೇಜು ಇಟ್ಟು ನೋಡಬೇಕು, ಬ್ಲೇಡು, ಸಿಗರೇಟು ಪೆಟ್ಟಿಗೆಯ ಕಾಗದ ಇವುಗಳ ಅಂದಾಜು ಬೇಡ. ಕಾದಾಗ ನಿಂತು ಆರಿದಾಗ ಹೊರಡುವ ಗಾಡಿಗೆ ಬಹುಪಾಲು ಕಂಡೆನ್ಸರಿನ ಕಾಯಿಲೆ.

ಸೈಲೆನ್ಸರನ್ನು ಮಾತ್ರ ವರ್ಷಕ್ಕೊಮ್ಮೆ ಶುಚಿ ಮಾಡಲೇಬೇಕು. ಸುಟ್ಟ ಎಣ್ಣೆಯ ಮಸಿ ಒಳಗಿನ ಕೊಳವೆಯಲ್ಲೂ ಸಿಲಿಂಡರಿನ ಹೊಗೆ ಕಿಂಡಿಯಲ್ಲೂ ಕಟ್ಟಿ ಎಂಜಿನ್ನಿನ ಉಸಿರು ಹಿಡಿಯುತ್ತದೆ. ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಮೂರನೆಯದು ಬೇಕಾದರೆ ಬೋರಿನ ಮಾತು ಎತ್ತುವ ಮುನ್ನ ಮಸಿ ತೆಗೆಯಬೇಕು. ಒಳಕೊಳವೆ ಬಿಚ್ಚಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ದಿನ ನೆನೆಯಿಟ್ಟು ತೊಳೆದರೆ ಸಾಕು. ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಹುಯ್ಯಬಾರದು. ಸಿಲಿಂಡರಿನ ತಲೆಯನ್ನೋ ಪಿಸ್ಟನ್ನನ್ನೋ ಈ ನೀರಿಗೆ ಅದ್ದಿದರೆ ಅಲ್ಯೂಮಿನಿಯಂ ಕುದಿದು ತಿಂದುಹೋಗುತ್ತದೆ. ಅವುಗಳ ಮಸಿಯನ್ನು ಮರದ ಚಕ್ಕೆಯಿಂದ ಕೆರೆಯಬೇಕು. ಅಡಿಕೆ ಮರದ ದಬ್ಬೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಇನ್ನು ಮಾರ್ಪಾಡು. ಹುಡುಗರು ಮೊದಲು ಕೈ ಹಾಕುವುದು ಸೈಲೆನ್ಸರಿಗೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರು ಬರೀ ಸದ್ದಡಗಿಸುವ ಕೊಳವೆಯಲ್ಲ. ಹೊಗೆಯ ಅಲೆ ಹಿಂದಕ್ಕೆ ಒತ್ತಿ, ಹೊಸ ಮಿಶ್ರಣ ಹೊರಗೆ ಹೋಗದಂತೆ ಸ್ವಲ್ಪ ತಡೆಯುವುದೂ ಅದೇ. ಒಳಕೊಳವೆ ಕಿತ್ತರೆ ಸದ್ದು ಬರುತ್ತದೆ, ಕೆಳವೇಗದ ಎಳೆತ ಹೋಗುತ್ತದೆ, ಉರಿಯದ ಪೆಟ್ರೋಲು ಹೊರಬೀಳುತ್ತದೆ. ಈ ಗಾಡಿಯ ಹಿರಿಮೆಯೇ ಕೆಳವೇಗದ ಎಳೆತ. ಕಿಂಡಿಗಳನ್ನು ಅರದಿಂದ ಉಜ್ಜಿ ದೊಡ್ಡದು ಮಾಡುವವರಿಗೂ ಇದೇ ಮಾತು. ಉಜ್ಜಿದ ಸಿಲಿಂಡರನ್ನು ಮತ್ತೆ ಹಿಂದಿನ ಹಾಗೆ ಮಾಡಲಾಗದು.

ಮಾಡಬೇಕಾದ ಮಾರ್ಪಾಡೆಂದರೆ ಬೆಳಕು. ಹಳೆಯವು 6 ವೋಲ್ಟಿನವು. ಅಷ್ಟೇ ವ್ಯಾಟಿನ ದೀಪಕ್ಕೆ 12 ವೋಲ್ಟಿನಲ್ಲಿ ಹರಿಯುವ ಕರೆಂಟಿನ ಎರಡರಷ್ಟು 6 ವೋಲ್ಟಿನಲ್ಲಿ ಹರಿಯಬೇಕು. ಆದ್ದರಿಂದ ತುಕ್ಕು ಹಿಡಿದ ಒಂದೊಂದು ಕೂಡುವಿಕೆಯಲ್ಲೂ ನಷ್ಟ ಜಾಸ್ತಿ. ಮೊದಲು ಅರ್ಥ್ ತಂತಿಗಳನ್ನು ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಮತ್ತೆ ಕಟ್ಟಿ ನೋಡಿ. ಅರ್ಧಕ್ಕರ್ಧ ಸಂದರ್ಭದಲ್ಲಿ ಅಷ್ಟಕ್ಕೇ ದೀಪ ಬೆಳಗುತ್ತದೆ. ಇನ್ನೂ ಸಾಲದಿದ್ದರೆ 12 ವೋಲ್ಟಿಗೆ ಬದಲಿಸಬಹುದು. ಆಗ ಬಲ್ಬು, ಹಾರನ್ನು, ಬ್ಯಾಟರಿ, ರೆಗ್ಯುಲೇಟರು ಎಲ್ಲವೂ ಬದಲಾಗಬೇಕು, ಒಂದನ್ನು ಬಿಟ್ಟರೂ ಸುಟ್ಟುಹೋಗುತ್ತದೆ. ಬ್ರೇಕಿಗೆ ಹೊಸ ಲೈನರು, ಹೊಸ ಕೇಬಲ್ಲು, ಡ್ರಮ್ಮು ಲೇತಿನಲ್ಲಿ ಸರಿಮಾಡಿಸುವುದು, ಇವಿಷ್ಟಕ್ಕೆ ಬಣ್ಣಕ್ಕಿಂತ ಮೊದಲು ಹಣ ಇಡಬೇಕು. ಸಾಮಾನು ಹೊರುವ ಕ್ಯಾರಿಯರು ಮಡ್‌ಗಾರ್ಡಿಗಲ್ಲ, ಚೌಕಟ್ಟಿಗೆ ಬೋಲ್ಟಿನಿಂದ ಕೂತಿರಲಿ, ಬೆಸುಗೆ ಬೇಡ. ಪ್ರಾಸಂಗಿಕವಾಗಿ, ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತದ ಚೀಲವನ್ನು ಗಾಡಿಯ ಮೇಲೆ ತರುವ ಸದಸ್ಯರು ಅದನ್ನು ಪ್ಲಾಸ್ಟಿಕ್ ಬುಟ್ಟಿಯೊಳಗಿಟ್ಟು ತರಬೇಕು. ಒದ್ದೆಯಾದ ಮೈಲುತುತ್ತ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಒಂದೇ ಸಮ ತಿನ್ನುತ್ತದೆ.

ದೂರದ ಸವಾರಿಗೆ, ಅದರಲ್ಲೂ ನಾಗಮಂಗಲ, ಚನ್ನರಾಯಪಟ್ಟಣ, ಹಾಸನದ ಮೇಲೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೋ, ಚಾರ್ಮಾಡಿ ಇಲ್ಲವೆ ಶಿರಾಡಿ ಇಳಿದು ಅಡಿಕೆ ಸಸಿಗಾಗಿ ವಿಟ್ಲಕ್ಕೋ ಹೊರಡುವವರಿಗೆ, ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಗಾಡಿಯನ್ನು ಬಹಳ ದೂರ ಬಿಡಬಾರದು. ಚಕ್ರ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತಿರುತ್ತದೆ; ಥ್ರಾಟಲ್ ಮುಚ್ಚಿರುವುದರಿಂದ ಪೆಟ್ರೋಲಿಲ್ಲ, ಪೆಟ್ರೋಲಿಲ್ಲದ್ದರಿಂದ ಎಣ್ಣೆಯೂ ಇಲ್ಲ. ನಾಲ್ಕು ಹೊಡೆತದ ಗಾಡಿ ಓಡಿಸಿ ಕಲಿತ ಹುಡುಗರಿಗೆ ಇದು ತಿಳಿದಿರುವುದಿಲ್ಲ. ಅವರು ಎಂಜಿನ್ ಬ್ರೇಕನ್ನೇ ನಂಬಿ ಘಾಟಿ ಇಳಿಯುತ್ತಾರೆ. ಈ ಗಾಡಿಯಲ್ಲಿ ಅಲ್ಲಲ್ಲಿ ಕ್ಲಚ್ಚು ಹಿಡಿದು ಥ್ರಾಟಲ್ ಒಮ್ಮೆ ತಿರುವಿ ಎಣ್ಣೆ ಕುಡಿಸುತ್ತ, ಎರಡೂ ಬ್ರೇಕುಗಳನ್ನು ಬಳಸಿ, ನಡುವೆ ಎರಡು ಕಡೆ ನಿಂತು ಡ್ರಮ್ಮು ತಣಿಸಿಕೊಂಡು ಇಳಿಯಬೇಕು. ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ. ಎಂಜಿನ್ನಿನ ದನಿ ಇದ್ದಕ್ಕಿದ್ದಂತೆ ಬಿಗಿದು ಎಳೆತ ಕುಗ್ಗಿತೆಂದರೆ ಪಿಸ್ಟನ್ ಹಿಡಿಯುತ್ತಿದೆ. ಆ ಕ್ಷಣವೇ ಕ್ಲಚ್ಚು ಒತ್ತದಿದ್ದರೆ ಹಿಂದಿನ ಚಕ್ರ ಬಿಗಿದು ಗಾಡಿ ಅಡ್ಡ ಬೀಳುತ್ತದೆ. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಟ್ಟರೆ ಎಷ್ಟೋ ಸಲ ಮತ್ತೆ ಹೊರಡುತ್ತದೆ. ಹೊರಟರೂ ಮನೆ ಸೇರಿದ ಮೇಲೆ ಸಿಲಿಂಡರ್ ಬಿಚ್ಚಿ ನೋಡತಕ್ಕದ್ದು.

ಕಾನೂನಿನ ಮಾತು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿದಿದೆ. ಬದಲಿಸಿದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆಯವರು ಕೇಳುವ ಮೊದಲ ಪ್ರಶ್ನೆ ಇದೇ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ಮೀರಿದ ಮೋಟಾರು ಸೈಕಲ್ಲಿನ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ 2,000 ರೂಪಾಯಿಗೆ ಏರಿಸಲಾಗಿದೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಎಂಬ ಬೇರೆ ವ್ಯವಸ್ಥೆ ಬಂತು. ಹೆಸರು ಚೆಂದ, ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಇಂಥವಕ್ಕಲ್ಲದೆ ದಿನನಿತ್ಯ ರಸ್ತೆಗಿಳಿಸುವ ಹಾಗಿಲ್ಲ. ತೋಟಕ್ಕೂ ಸಂತೆಗೂ ಓಡಿಸುವವರು ದಲ್ಲಾಳಿಯ ಮಾತು ಕೇಳಿ ಅದಕ್ಕೆ ಅರ್ಜಿ ಹಾಕಬಾರದು. ತಂದೆಯವರ ಹೆಸರಿನಲ್ಲೇ ಉಳಿದಿರುವ ಪುಸ್ತಕವಿದ್ದರೆ, ಮರಣ ಪ್ರಮಾಣ ಪತ್ರ, ವಾರಸುದಾರರ ಒಪ್ಪಿಗೆಗಳೊಂದಿಗೆ ಮೊದಲು ವರ್ಗಾವಣೆ ಮಾಡಿಸಿ. ದುರಸ್ತಿಗೆ ಹಣ ಹಾಕುವುದು ಆಮೇಲೆ.

ಬಿಡಿಭಾಗಗಳು ಮೈಸೂರಿನಲ್ಲೂ ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆಯೂ ವಿಚಾರಿಸಿದರೆ ಸಿಗುತ್ತವೆ, ಆದರೆ ನಕಲಿಯೂ ಸಾಕಷ್ಟು. ಪಿಸ್ಟನ್ ಕೊಳ್ಳುವಾಗ ಸಿಲಿಂಡರನ್ನೂ ಜೊತೆಗೆ ಒಯ್ದು, ಬೋರು ಮಾಡುವವರ ಮುಂದೆ ಮೈಕ್ರೋಮೀಟರಿನಲ್ಲಿ ಅಳೆಸಿಯೇ ತನ್ನಿ. ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೆ ಸಿಲಿಂಡರು ಕೊರೆಸಬೇಕೇ ಹೊರತು ಮೊದಲೇ ಕೊರೆಸಿಟ್ಟು ಪಿಸ್ಟನ್ ಹುಡುಕಬಾರದು. ಬಿಚ್ಚಿದ ಹಳೆಯ ಕಾರ್ಬುರೇಟರು, ಡೈನಮೋ, ಸ್ಪೀಡೋಮೀಟರು ಯಾವುದನ್ನೂ ಗುಜರಿಗೆ ಹಾಕದೆ ಚೀಟಿ ಕಟ್ಟಿ ಡಬ್ಬದಲ್ಲಿಡಿ. ಸದಸ್ಯರಲ್ಲಿ ಯಾರ ಬಳಿಯಾದರೂ ಹೆಚ್ಚಿನ ಭಾಗಗಳಿದ್ದರೆ, ಇಲ್ಲವೆ ಯಾರಿಗಾದರೂ ಬೇಕಿದ್ದರೆ, ಸಂಘದ ಕಛೇರಿಯಲ್ಲಿ ಕೆಲಸದ ವೇಳೆಯಲ್ಲಿ ಬರೆಸಿ ಹೋಗಬಹುದು.